ಅರವಟ್ಟಿಗೆಯ ಎಳೆಯರು
ಕಲಬುರಗಿಯಿಂದ ಕಮಲಾಪುರದವರೆಗೆ

ಹೋಳಿಯ ಬಣ್ಣ ಗೋಡೆಗಳ ಮೇಲೆ ಇನ್ನೂ ಮಾಸಿರುವುದಿಲ್ಲ. ಅಷ್ಟರಲ್ಲೇ ಕಲಬುರಗಿಯು ಮತ್ತೊಂದು ಸಂಭ್ರಮಕ್ಕೆ ಅಣಿಯಾಗುತ್ತದೆ. ಹುಣ್ಣಿಮೆ ಕಳೆದ ಐದನೆಯ ದಿನ ಮಹಾದಾಸೋಹಿ ಶರಣಬಸವೇಶ್ವರರ ರಥೋತ್ಸವ. ಸುತ್ತಣ ಹಳ್ಳಿಗಳಿಂದಲೂ ಮಹಾರಾಷ್ಟ್ರ, ತೆಲಂಗಾಣಗಳ ಗಡಿಯೂರುಗಳಿಂದಲೂ ಜನ ಬಂದು ಸೇರುತ್ತಾರೆ. ತೊಗರಿಯ ನಾಡಿನ ಕರಿಯ ನೆಲ ಆ ಹೊತ್ತಿಗೆ ಬಿಸಿಲಿಗೆ ಬಾಯಿಬಿಡಲು ತೊಡಗಿರುತ್ತದೆ. ಗುಡಿಯ ಮಗ್ಗುಲಲ್ಲಿಯೇ ಅಪ್ಪನ ಕೆರೆ ಹರಡಿಕೊಂಡಿದ್ದರೂ ಅದರ ನೀರು ಕಣ್ಣಿಗೆ ತಂಪೇ ಹೊರತು ಗಂಟಲಿಗಲ್ಲ. ಬಾಯಾರಿ ಬಂದ ಯಾತ್ರಿಕ ಮೊದಲು ಅರಸುವುದು ದೇವರನ್ನಲ್ಲ, ನೀರನ್ನು.

ಆ ನೀರನ್ನು ಅವನ ಕೈಗೆ ನೀಡುವವರು ಯಾರೆಂದು ನೋಡಿದರೆ, ಬಹುಮಟ್ಟಿಗೆ ಹದಿಮೂರು ಹದಿನಾಲ್ಕು ವರ್ಷದ ಮಕ್ಕಳು! ಕೊರಳಿಗೆ ಸ್ಕಾರ್ಫು ಕಟ್ಟಿದ ಸ್ಕೌಟು ಬಾಲಕರು, ಗೈಡು ಬಾಲಕಿಯರು, ಬಿಳಿಯ ಸಮವಸ್ತ್ರದ ಸೇವಾದಳದವರು, ಯಾವ ದಳಕ್ಕೂ ಸೇರದೆ ಬರಿದೆ ಶಾಲೆಯ ಅಂಗಿಯಲ್ಲಿ ಬಂದವರು. ಒಬ್ಬ ಚರಿಗೆಯಿಂದ ನೀರು ಹನಿಸುತ್ತಾನೆ, ಒಬ್ಬಳು ಖಾಲಿ ಲೋಟಗಳನ್ನು ಆಯ್ದು ತೊಳೆಯುತ್ತಾಳೆ. ಇನ್ನೊಬ್ಬನ ಕೆಲಸ ಪಾದರಕ್ಷೆಗಳ ಕಾವಲು. ಅಜ್ಜಿಯ ಕೈಬಿಟ್ಟು ಅಳುತ್ತಿರುವ ಮಗುವನ್ನು ಧ್ವನಿವರ್ಧಕದ ಬಳಿಗೆ ಕರೆದೊಯ್ಯುವ ಹೊಣೆ ಮತ್ತೊಬ್ಬಳದು. ಇವು ಪತ್ರಿಕೆಗಳಲ್ಲಿ ಅಚ್ಚಾಗುವ ಕೆಲಸಗಳಲ್ಲ; ಆದರೆ ಇವಿಲ್ಲದೆ ಜಾತ್ರೆ ಒಂದು ಗಳಿಗೆಯೂ ಸಾಗದು.

ದಾರಿಹೋಕರಿಗೆ ನೀರೆರೆಯುವ ತಾಣಕ್ಕೆ ಕನ್ನಡದಲ್ಲಿ ಅರವಟ್ಟಿಗೆ ಎಂಬ ಸೊಗಸಾದ ಹೆಸರಿದೆ. ಹಳೆಯ ಶಾಸನಗಳಲ್ಲಿ ಇದು ‘ಅಱವಂಟಿಗೆ’. ‘ಅಱ’ ಎಂದರೆ ಧರ್ಮ. ಕೆರೆ ಕಟ್ಟಿಸುವುದು, ಸತ್ರವಿಡುವುದು, ಅರವಟ್ಟಿಗೆ ನಡೆಸುವುದು ಇವೆಲ್ಲವನ್ನೂ ನಮ್ಮ ಹಿರಿಯರು ಒಂದೇ ಪಂಕ್ತಿಯ ಪುಣ್ಯಕಾರ್ಯಗಳೆಂದು ಕಲ್ಲಿನಲ್ಲಿ ಕೊರೆಸಿದರು. ಕಲ್ಯಾಣದ ಚಾಲುಕ್ಯರು ಆಳಿದ ಈ ನೆಲಕ್ಕೆ ಆ ಮಾತು ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ಅದಕ್ಕೆ ಇನ್ನೊಂದು ಅರ್ಥವನ್ನು ಕೂಡಿಸಿದರು: ದುಡಿದು ಗಳಿಸಿದ್ದನ್ನು ನೀಡುವಾಗ ನೀಡುವವನು ದೊಡ್ಡವನಲ್ಲ, ಅವನು ದಾಸ, ಆದ್ದರಿಂದ ಅದು ದಾನವಲ್ಲ, ದಾಸೋಹ.

ಶರಣಬಸವೇಶ್ವರರು (1746–1822) ಈ ಮಾತನ್ನು ಬದುಕಿ ತೋರಿಸಿದವರು. ಅರಳಗುಂಡಗಿಯಲ್ಲಿ ಹುಟ್ಟಿದ ಈ ಒಕ್ಕಲಮಗ ಹೊಲ ಕಾಯಲು ಹೋದಾಗ ತೆನೆಗೆ ಎರಗಿದ ಹಕ್ಕಿಗಳನ್ನು ಓಡಿಸದೆ, ಅವಕ್ಕೆ ಕುಡಿಯಲು ನೀರಿಟ್ಟರೆಂದು ಜನ ಇಂದಿಗೂ ಹೇಳುತ್ತಾರೆ. ಕಲಬುರಗಿಗೆ ಬಂದ ಮೇಲೆ ಅವರ ಮನೆಯ ಒಲೆ ಆರಲಿಲ್ಲ. ರಥೋತ್ಸವದ ದಿನ ಭಕ್ತರಿಗೆ ಪರುಷ ಬಟ್ಟಲಿನ ದರ್ಶನ ಮಾಡಿಸುವ ಪದ್ಧತಿಯಿದೆ. ಖಡ್ಗವನ್ನೋ ಕಿರೀಟವನ್ನೋ ಅಲ್ಲ, ಉಣಬಡಿಸಿದವರೊಬ್ಬರ ಬಟ್ಟಲನ್ನು ಕಾಣಲು ಲಕ್ಷಾಂತರ ಜನ ಕಾದು ನಿಲ್ಲುವ ದೃಶ್ಯ ಅಪೂರ್ವವಾದದ್ದು. ಇದೇ ಸಂಸ್ಥಾನ ಮುಂದೆ ಅನ್ನದ ಜೊತೆಗೆ ಅಕ್ಷರವನ್ನೂ ಬಡಿಸಿತು. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆಗಳು ವಿರಳವಾಗಿದ್ದಾಗ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಅವರ ಮಗ, 2025ರ ಆಗಸ್ಟ್ 14ರಂದು ಲಿಂಗೈಕ್ಯರಾದ ಶರಣಬಸವಪ್ಪ ಅಪ್ಪನವರು, ಅದನ್ನು ವಿಶ್ವವಿದ್ಯಾಲಯದವರೆಗೆ ಬೆಳೆಸಿದರು.

ಕಲಬುರಗಿಯ ಹಿರಿಮೆ ಒಂದು ಗುಡಿಗೆ ನಿಲ್ಲುವುದಿಲ್ಲ. ದೆಹಲಿಯಿಂದ ಬಂದು ಬಹಮನಿ ಸುಲ್ತಾನ ಫಿರೋಜ್ ಶಾಹನ ಕಾಲದಲ್ಲಿ ಇಲ್ಲಿ ನೆಲೆನಿಂತ ಖ್ವಾಜಾ ಬಂದೇನವಾಜರು ಕಾಲವಾದದ್ದು 1422ರಲ್ಲಿ, ಶರಣಬಸವೇಶ್ವರರು 1822ರಲ್ಲಿ. ನಡುವೆ ಸರಿಯಾಗಿ ನಾಲ್ಕು ಶತಮಾನ. ಉರುಸಿನಲ್ಲಿ ಮೆಹಬೂಬ್ ಗುಲ್ಶನ್ ಉದ್ಯಾನದಿಂದ ಹೊರಡುವ ಗಂಧದ ಮೆರವಣಿಗೆ ದರ್ಗಾವನ್ನು ಮುಟ್ಟುವವರೆಗೂ ದಾರಿಯುದ್ದಕ್ಕೆ ಶರಬತ್ತಿನ ಲೋಟ ಹಿಡಿದು ನಿಲ್ಲುವ ಹುಡುಗರ ಸಾಲು. ಚಾಂದ್ರಮಾನದ ಹಿಜರಿ ತಿಂಗಳಿಗೆ ಹೊಂದಿಕೊಂಡ ಈ ಉತ್ಸವ ಋತುವಿನಿಂದ ಋತುವಿಗೆ ಸರಿಯುತ್ತದೆ. 2025ರಲ್ಲಿ ಅದು ಮೇ ತಿಂಗಳ ಬಿರುಬಿಸಿಲಿಗೆ ಬಂದಿತ್ತು. ವಿಶ್ವವಿದ್ಯಾಲಯದ ಕಡೆಗೆ ಹೋದರೆ 2009ರ ಜನವರಿ 7ರಂದು ರಾಷ್ಟ್ರಪತಿ ಪ್ರತಿಭಾ ಪಾಟೀಲರು ಉದ್ಘಾಟಿಸಿದ ಬುದ್ಧ ವಿಹಾರ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಗೆ, ಬುದ್ಧ ಪೂರ್ಣಿಮೆಗೆ ಅಲ್ಲಿಯೂ ಜನಸಾಗರ. ದೇವರ ಹೆಸರು ಬೇರೆ, ಲೋಟದೊಳಗಿನ ಪಾನಕ ಬೇರೆ. ಲೋಟ ನೀಡುವ ಕೈಗಳ ವಯಸ್ಸು ಮಾತ್ರ ಒಂದೇ.

ಶಾಲೆಯ ಮಕ್ಕಳನ್ನು ಹೀಗೆ ಸೇವೆಗೆ ಹುರಿಗೊಳಿಸುವ ಪರಿಪಾಠಕ್ಕೆ ಕರ್ನಾಟಕದಲ್ಲಿ ಒಂದು ಶತಮಾನದ ಇತಿಹಾಸವಿದೆ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನೀ ಸೇವಾದಳವನ್ನು ಕಟ್ಟಿದರು. ಮರುವರ್ಷ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಯಂಸೇವಕರ ಶಿಸ್ತು ಎಲ್ಲರ ಗಮನವನ್ನು ಸೆಳೆಯಿತು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಚದುರಿದ್ದ ಸ್ಕೌಟು ಸಂಸ್ಥೆಗಳು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ಸಮಾಜಸೇವೆ ವಿದ್ಯಾಭ್ಯಾಸದ ಅಂಗವೇ ಆಗಬೇಕೆಂದು 1964–66ರ ಕೊಠಾರಿ ಆಯೋಗ ಹೇಳಿತು.

ಇನ್ನು ಪೇಟೆಯ ಗದ್ದಲವನ್ನು ಹಿಂದಿಕ್ಕಿ ಹುಮನಾಬಾದಿನ ಹೆದ್ದಾರಿ ಹಿಡಿಯೋಣ. ಸುಮಾರು 35 ಕಿಲೋಮೀಟರು ಸಾಗುವಷ್ಟರಲ್ಲಿ ನೆಲದ ಬಣ್ಣ ಬದಲಾಗುತ್ತದೆ. ಎರೆಯ ಕಪ್ಪು ಹಿಂದೆ ಸರಿದು ಕೆಮ್ಮಣ್ಣು ಇಣುಕುತ್ತದೆ. ರಸ್ತೆಯ ಬದಿಯಲ್ಲಿ ಕೆಂಪು ಬಾಳೆಗೊನೆಗಳು ತೂಗುತ್ತವೆ. ಇದೇ ಕಮಲಾಪುರ. ಕಲಬುರಗಿ ತಾಲ್ಲೂಕಿಗೆ ಸೇರಿದ್ದ ಈ ಊರು 2018ರಲ್ಲಿ ತಾನೇ ತಾಲ್ಲೂಕು ಕೇಂದ್ರವಾಯಿತು. ಇಲ್ಲಿಯ ಕೆಂಬಾಳೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಬೇರೆ ಬಾಳೆ ವರ್ಷದೊಳಗೆ ಕೈಗೆ ಬಂದರೆ ಇದು ಸುಮಾರು ಒಂದೂವರೆ ವರ್ಷ ಕಾಯಿಸುತ್ತದೆ. ಅವಸರದವರ ಬೆಳೆಯಲ್ಲ ಅದು; ಆದುದರಿಂದಲೇ ಬೆಳೆಯುವವರು ಕಡಿಮೆಯಾಗುತ್ತಿದ್ದಾರೆ.

ಇಂಥ ಸಣ್ಣ ಊರಿನಲ್ಲಿ ಸೇವೆಯ ರೂಪವೇ ಬೇರೆ. ಇಲ್ಲಿ ಲಕ್ಷ ಜನರ ತೇರಿಲ್ಲ. ಆರೋಗ್ಯ ಶಿಬಿರ, ಕಣ್ಣಿನ ತಪಾಸಣೆ, ರಕ್ತದಾನ, ಊರ ಜಾತ್ರೆಯ ಅನ್ನಸಂತರ್ಪಣೆ ಇವೇ ದೊಡ್ಡ ಕಾರ್ಯಕ್ರಮಗಳು. ಹದಿನೆಂಟು ತುಂಬದವರು ರಕ್ತ ಕೊಡುವಂತಿಲ್ಲ ಎಂಬುದು ಕಾನೂನು. ಆದರೆ ಬಂದವರ ಹೆಸರು ಬರೆದುಕೊಳ್ಳಲು, ಕೊಟ್ಟು ಎದ್ದವರಿಗೆ ಹಣ್ಣು ನೀಡಲು, ಕಣ್ಣು ಮಂಜಾದ ಮುದುಕಿಯನ್ನು ಕೈಹಿಡಿದು ವೈದ್ಯರ ಮುಂದೆ ಕೂಡಿಸಲು ವಯಸ್ಸಿನ ಕಟ್ಟಿಲ್ಲ. ಪೇಟೆಯ ಹುಡುಗ ಅಪರಿಚಿತರಿಗೆ ನೀರೆರೆಯುತ್ತಾನೆ; ಇಲ್ಲಿಯ ಹುಡುಗಿ ಕೈಹಿಡಿದು ನಡೆಸುವ ಮುದುಕಿ ಅವಳ ಓಣಿಯವಳೇ. ಶಿಬಿರ ಮುಗಿದ ಮೇಲೂ ‘ಕನ್ನಡಕ ಬಂತೇನವ್ವ?’ ಎಂದು ಕೇಳುವ ಹೊಣೆ ಅವಳಿಗೆ ಅಂಟಿಕೊಳ್ಳುತ್ತದೆ.

ಈ ಮಕ್ಕಳು ನೀಡುವವರು ಮಾತ್ರವಲ್ಲ, ಉಣ್ಣುವವರೂ ಹೌದು. ಸರ್ಕಾರಿ ಶಾಲೆಗಳ ಮಧ್ಯಾಹ್ನದ ಬಿಸಿಯೂಟಕ್ಕೆ ಕರ್ನಾಟಕವು ಇಟ್ಟ ಹೆಸರೇ ‘ಅಕ್ಷರ ದಾಸೋಹ’. 2002ರ ಜೂನ್ 1ರಂದು ಆ ಯೋಜನೆ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು. 2007ರಲ್ಲಿ ಅದು ಪ್ರೌಢಶಾಲೆಗಳಿಗೂ ವಿಸ್ತರಿಸಿತು. ಮಧ್ಯಾಹ್ನ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವ ಬಾಲಕನೇ ಜಾತ್ರೆಯ ದಿನ ಸೌಟು ಹಿಡಿದು ಸಾಲಿನ ಆಚೆಗೆ ನಿಲ್ಲುತ್ತಾನೆ. ಹಸಿವಿನ ರುಚಿ ಬಲ್ಲ ಅವನಿಗೆ, ಎರಡನೆಯ ಸಲ ತಟ್ಟೆ ಚಾಚುವವರನ್ನು ಗದರಿಸಬಾರದೆಂದು ಯಾರೂ ಕಲಿಸಬೇಕಾಗಿಲ್ಲ.

ಆದರೂ ಈ ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ. ಅದನ್ನು ಮರೆಮಾಚುವುದು ಮಕ್ಕಳಿಗೆ ಬಗೆಯುವ ದ್ರೋಹವಾದೀತು. ರಥೋತ್ಸವ ಬರುವುದು ಮಾರ್ಚಿನಲ್ಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರುವುದೂ ಮಾರ್ಚಿನಲ್ಲಿ. 2025ರಲ್ಲಿ ಪರೀಕ್ಷೆ ಆರಂಭವಾದದ್ದು ಮಾರ್ಚ್ 21ಕ್ಕೆ, ತೇರೆಳೆದ ಕೆಲವೇ ದಿನಗಳ ಮೇಲೆ. ಆ ವರ್ಷದ ಮೊದಲ ಪರೀಕ್ಷೆಯಲ್ಲಿ ರಾಜ್ಯದ ಸರಾಸರಿ ಶೇಕಡಾ 66.14 ಇದ್ದರೆ, ಕಲಬುರಗಿ ಜಿಲ್ಲೆಯದು 42.43, ಸ್ಥಾನ ಎಲ್ಲರಿಗಿಂತ ಕೊನೆಯದು. ‘ನೀರು ಹೊತ್ತದ್ದು ಸಾಕು, ಮೊದಲು ಓದಲಿ’ ಎಂದು ತಾಯಿತಂದೆಗಳು ಗೊಣಗಿದರೆ ತಪ್ಪೇನು? ನೀರು ಹೊರುವವರಲ್ಲಿ ಹೆಚ್ಚಿನವರು ಬಡವರ ಮಕ್ಕಳೇ ಆಗಿ, ಅನುಕೂಲಸ್ಥರ ಮಕ್ಕಳು ಆ ಹೊತ್ತಿನಲ್ಲಿ ಮನೆಪಾಠಕ್ಕೆ ಕುಳಿತಿದ್ದರೆ, ಅದನ್ನು ಸೇವೆಯೆನ್ನಬೇಕೋ ಬಿಟ್ಟಿಯೆನ್ನಬೇಕೋ?

ಹಾಗೆಂದು ಎರಡು ದಿನದ ಅರವಟ್ಟಿಗೆಯಿಂದ ಯಾರೂ ನಪಾಸಾಗುವುದಿಲ್ಲ. ನಪಾಸು ಮಾಡುವುದು ಗುರುವಿಲ್ಲದ ಗಣಿತದ ತರಗತಿ, ಸುಗ್ಗಿಗೋ ಗುಳೆಗೋ ಕಳೆದುಹೋದ ತಿಂಗಳುಗಳು. ಆದ್ದರಿಂದ ಸೇವೆಯನ್ನು ನಿಲ್ಲಿಸಬೇಕಾಗಿಲ್ಲ, ಅದಕ್ಕೆ ಕ್ರಮವಿರಬೇಕು. ಹತ್ತನೆಯ ತರಗತಿಯವರನ್ನು ಮಾರ್ಚಿನಲ್ಲಿ ಓದಲು ಬಿಟ್ಟು ಎಂಟು, ಒಂಬತ್ತನೆಯವರನ್ನು ಕರೆಯಬಹುದು. ಮಕ್ಕಳನ್ನು ತೇರಿನ ಹಗ್ಗದ ಬಳಿಗೆ ಬಿಡದೆ ನೆರಳಿನ ಕೆಲಸಕ್ಕೆ ಹಚ್ಚಬಹುದು. ಸಾಹುಕಾರನ ಮಗನೂ ಕೂಲಿಯವನ ಮಗನೂ ಒಂದೇ ಕೊಡವನ್ನು ಹಿಡಿಯುವಂತೆ ನೋಡಿಕೊಳ್ಳಬಹುದು. ಇವು ಹಿರಿಯರ ಕರ್ತವ್ಯ.

ಹಿರಿಯರ ಕರ್ತವ್ಯವೇನೆಂಬುದಕ್ಕೆ ಉದಾಹರಣೆ ಹುಡುಕಲು ಜಿಲ್ಲೆಯ ಗಡಿ ದಾಟಬೇಕಾಗಿಲ್ಲ. ಚಿತ್ತಾಪುರದ ನೆರೆಯ ನಾಗಾವಿಯಲ್ಲಿ ಒಂದು ಘಟಿಕಾಸ್ಥಾನವಿತ್ತು. ಅಲ್ಲಿಯ 1058ರ ಶಾಸನ ವೇದ ಓದುವ 200 ಮಂದಿ, ಶಾಸ್ತ್ರ ಓದುವ 50 ಮಂದಿ ವಿದ್ಯಾರ್ಥಿಗಳ ಊಟವಸತಿಗೆ ದತ್ತಿ ಬಿಟ್ಟದ್ದನ್ನು ಹೇಳುತ್ತದೆ. ಪುಸ್ತಕಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗಳಿದ್ದರಂತೆ. ಅಂದು ನಾಡು ಓದುವವರಿಗೆ ಉಣಬಡಿಸಿತು. ಇಂದು ಓದುವವರು ನಾಡಿಗೆ ಉಣಬಡಿಸುತ್ತಿದ್ದಾರೆ. ಒಂದು ಹಗಲು ಆ ಎಳೆಯ ಕೈಗಳಿಂದ ನೀರು ಕುಡಿದ ಊರು, ಉಳಿದ ದಿನಗಳಲ್ಲಿ ಅವರಿಗೆ ಗುರುಗಳನ್ನೂ ಪುಸ್ತಕಗಳನ್ನೂ ಒದಗಿಸಿಕೊಡಬೇಡವೆ?

ಕಮಲಾಪುರದ ರೈತ ಒಂದೂವರೆ ವರ್ಷ ನೀರೆರೆದು ಕಾಯುವುದು ಒಂದೇ ಒಂದು ಗೊನೆಗಾಗಿ. ಹತ್ತನೆಯ ತರಗತಿಯ ಬಾಲಕನಿಗಾಗಿ ಕಲಬುರಗಿ ಅಷ್ಟು ಕಾಯ್ದರೆ, ಅಷ್ಟು ನೀರೆರೆದರೆ, ಮುಂದಿನ ಫಲಿತಾಂಶದ ಪಟ್ಟಿಯನ್ನು ಆ ಊರಿನ ತಾಯಂದಿರು ಕೆಳಗಿನಿಂದ ಓದಬೇಕಾಗಿ ಬರಲಾರದು.