ಕೋಯಾ ಬೆಟ್ಟದ ಹೆಣ್ಣುಹಾದಿ

ಬೆಳಗಿನ ಜಾವದ ಗಂಟೆಗೆ ಎಚ್ಚರವಾಗುತ್ತದೆ. ಕಾಗದದ ಬಾಗಿಲು ಸರಿಸಿ ಕಾಲಿಟ್ಟರೆ ಮೊಗಸಾಲೆಯ ಹಲಗೆ ಅಂಗಾಲನ್ನು ಕೊರೆಯುತ್ತದೆ. ಒಸಾಕಾದ ನಂಬಾ ನಿಲ್ದಾಣದಿಂದ ರೈಲು ಹಿಡಿದು, ಕೊನೆಯ ಕಡಿದಾದ ಏರನ್ನು ಕೇಬಲ್ ಕಾರಿನಲ್ಲಿ ಹತ್ತಿ ನೀವು ನಿನ್ನೆ ಬಂದಿಳಿದ ಕೋಯಾಸಾನ್ ಇದು. ಸುಮಾರು 800 ಮೀಟರ್ ಎತ್ತರದಲ್ಲಿ, ಎಂಟು ಶಿಖರಗಳು ಸುತ್ತುಗಟ್ಟಿದ ಸಮತಟ್ಟು ನೆಲ. ನೂರಕ್ಕೂ ಹೆಚ್ಚು ದೇವಾಲಯಗಳಿವೆ. ಅವುಗಳಲ್ಲಿ ಐವತ್ತರಷ್ಟು ಯಾತ್ರಿಕರಿಗೆ ಕೋಣೆ, ಊಟ ಕೊಡುತ್ತವೆ. ರಾತ್ರಿಯ ಊಟದಲ್ಲಿ ಮಾಂಸ ಮೀನು ಹೋಗಲಿ, ಈರುಳ್ಳಿ ಬೆಳ್ಳುಳ್ಳಿಯೂ ಇರಲಿಲ್ಲ. ಎಳ್ಳು ಅರೆದು ಕುದಿಸಿ ಗಟ್ಟಿ ಮಾಡಿದ ಗೋಮಾ ದೋಫು ಮಾತ್ರ ನಾಲಿಗೆಯ ಮೇಲೆ ನಮ್ಮ ಹಾಲುಬಾಯಿಯ ಹಾಗೆ ಜಾರಿತ್ತು.

ಈಗ ಹೋಮದ ಮನೆಗೆ ಬನ್ನಿ. ಭಿಕ್ಷು ಕುಂಡದ ಮುಂದೆ ಕೂತು ಸಮಿತ್ತುಗಳನ್ನು ಒಂದೊಂದಾಗಿ ಅಡ್ಡ ಉದ್ದ ಪೇರಿಸುತ್ತಾನೆ. ಎಣ್ಣೆ ಬೀಳುತ್ತದೆ, ಜ್ವಾಲೆ ಮೇಲೇಳುತ್ತದೆ, ಪಕ್ಕದಲ್ಲಿ ನಗಾರಿ ಮೊಳಗುತ್ತದೆ. ಜಪಾನಿ ಉಚ್ಚಾರದಲ್ಲಿ ಹೊರಳಿದ ಸಂಸ್ಕೃತ ಮಂತ್ರಗಳಲ್ಲಿ ಒಂದೆರಡು ಅಕ್ಷರ ನಿಮ್ಮ ಕಿವಿಗೆ ಸಿಕ್ಕೇ ಸಿಗುತ್ತವೆ. ಎದುರಿಗೆ ಕತ್ತಿ ಹಿಡಿದು ಕೂತವನು ಫುದೋ, ನಮ್ಮ ಕಡೆಯ ಬೌದ್ಧರ ಅಚಲ. ಇದನ್ನೆಲ್ಲ ಇಲ್ಲಿಗೆ ತಂದವನು ಕೂಕಾಯ್ ಎಂಬ ಭಿಕ್ಷು. 804ರಲ್ಲಿ ಚೀನಾಕ್ಕೆ ಹಡಗು ಹತ್ತಿದ. ಚಾಂಗಾನ್ ನಗರದಲ್ಲಿ ಹ್ವೇಗ್ವೋ ಎಂಬ ಗುರುವಿನಿಂದ ತಂತ್ರದೀಕ್ಷೆ ಪಡೆದ. ನಾಲಂದಾದಲ್ಲಿ ಓದಿಬಂದಿದ್ದ ಪ್ರಜ್ಞ ಎಂಬ ಭಿಕ್ಷುವಿನ ಬಳಿ ಸಂಸ್ಕೃತ ಕಲಿತ. 816ರಲ್ಲಿ ಸಾಗಾ ಚಕ್ರವರ್ತಿ ಅವನಿಗೆ ಈ ಬೆಟ್ಟ ಬಿಟ್ಟುಕೊಟ್ಟ. 835ರಲ್ಲಿ ಕೂಕಾಯ್ ಸತ್ತನೆಂದು ಇಲ್ಲಿ ಯಾರೂ ಹೇಳುವುದಿಲ್ಲ. ಒಳಗೆ ಸಮಾಧಿಯಲ್ಲಿ ಕೂತಿದ್ದಾನೆ, ಅಷ್ಟೇ.

ಅವನು ಕೂತಿರುವ ಒಕುನೊಇನ್‌ಗೆ ಮೊದಲ ಸೇತುವೆಯಿಂದ ಎರಡು ಕಿಲೋಮೀಟರ್ ನಡಿಗೆ. ಬಸ್ಸಿನಲ್ಲಿ ಹತ್ತಿರದವರೆಗೆ ಹೋಗಬಹುದು, ಹೋಗಬೇಡಿ. ಸೇತುವೆ ದಾಟಿದೊಡನೆ ದೇವದಾರುವನ್ನು ಹೋಲುವ ಸುಗಿ ಮರಗಳು ಆಕಾಶ ಮುಚ್ಚುತ್ತವೆ, ಅವುಗಳ ಬುಡದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗೋರಿಗಳು. ಹಸಿರು ಪಾಚಿ ಹೊದ್ದ ಒಂದು ಸ್ಮಾರಕದ ಮುಂದೆ ನಿಲ್ಲಿ. ಕೆಳಗೆ ಚೌಕ ಕಲ್ಲು, ಅದರ ಮೇಲೆ ಗುಂಡು, ಆಮೇಲೆ ಮುಮ್ಮೂಲೆಯ ಚಾವಣಿ, ಅರ್ಧಚಂದ್ರ, ತುದಿಯಲ್ಲಿ ಮೊಗ್ಗು. ಪೃಥ್ವಿ, ಜಲ, ತೇಜಸ್ಸು, ವಾಯು, ಆಕಾಶ. ನಿಮಗೆ ಯಾರೂ ವಿವರಿಸಬೇಕಿಲ್ಲ. ಹಲವು ಕಲ್ಲುಗಳ ಮೇಲೆ ಸಿದ್ಧಂ ಲಿಪಿಯಲ್ಲಿ ಆ ಐದರ ಬೀಜಾಕ್ಷರಗಳೂ ಇವೆ: ಮೇಲಿನಿಂದ ಕೆಳಗೆ ಖ, ಹ, ರ, ವ, ಅ.

ಯುದ್ಧನಾಯಕ ಓದಾ ನೊಬುನಾಗಾನ ಗೋರಿ ಇಲ್ಲೇ ಇದೆ, 1582ರಲ್ಲಿ ಅವನ ಮೇಲೆ ತಿರುಗಿಬಿದ್ದು ಸಾವಿಗೆ ನೂಕಿದ ಅಕೆಚಿ ಮಿತ್ಸುಹಿದೆಯದೂ ಇದೆ, ಆ ಮಿತ್ಸುಹಿದೆಯನ್ನು ಸದೆಬಡಿದ ಹಿದೆಯೋಷಿಯ ಮನೆತನದ್ದೂ ಇದೆ. ನೊಬುನಾಗಾ ಬದುಕಿದ್ದಾಗ ಇದೇ ಬೆಟ್ಟದ ಸಾಧುಗಳ ಮೇಲೆ ಕತ್ತಿ ಹಿರಿದವನು. ಅವನಿಗೂ ಜಾಗ ಕೊಟ್ಟರಲ್ಲ ಎಂದು ನನಗೆ ಮನಸ್ಸು ತುಂಬಿ ಬಂತು. ಹೊಸ ದಾರಿಯ ಕಡೆಗೆ ಹೋದರೆ ಕೀಟನಾಶಕ ವ್ಯವಹಾರದವರು ತಾವು ಕೊಂದ ಗೆದ್ದಲುಗಳಿಗಾಗಿ ನಿಲ್ಲಿಸಿದ ಕಲ್ಲನ್ನೂ ನೋಡಬಹುದು.

ಹತ್ತೂವರೆಯ ಹೊತ್ತಿಗೆ ಕೊನೆಯ ಸೇತುವೆಯ ಹತ್ತಿರ ಇರಿ. ಬೆಳಗ್ಗೆ ಆರಕ್ಕೊಮ್ಮೆ, ಈಗೊಮ್ಮೆ, ಕೂಕಾಯ್‌ಗೆ ಊಟ ಹೋಗುತ್ತದೆ. ಅಡುಗೆಮನೆಯಿಂದ ಹೊರಟ ಬಿಳಿ ಮರದ ಪೆಟ್ಟಿಗೆಯನ್ನು ಮೊದಲು ರುಚಿ ನೋಡುವ ಜಿಜೋ ದೇವರ ಎದುರು ಇಡುತ್ತಾರೆ. ಆಮೇಲೆ ಇಬ್ಬರು ಭಿಕ್ಷುಗಳು ಅದನ್ನು ಹೊತ್ತು ಹಿರಿಯನ ಹಿಂದೆ ಸೇತುವೆ ದಾಟುತ್ತಾರೆ. ಇಲ್ಲಿಂದಾಚೆ ಕ್ಯಾಮೆರಾ ಒಳಗೆ, ಟೋಪಿ ಕೈಯಲ್ಲಿ.

ಅವರ ಹಿಂದೆಯೇ ದೀಪಮಂದಿರಕ್ಕೆ ಹೋಗಿ. ಚಾವಣಿಯಿಂದ ಸಾವಿರಾರು ಹಿತ್ತಾಳೆಯ ಕಂದೀಲುಗಳು ಸಾಲಾಗಿ ತೂಗುತ್ತಿವೆ. ಅವುಗಳ ನಡುವೆ ಒಂದು ದೀಪವನ್ನು ಹುಡುಕಿ. ಸಾವಿರ ವರ್ಷದಿಂದ ಆರದೆ ಉರಿಯುತ್ತಿದೆ ಎಂದು ನಂಬಿಕೆ. ಇಟ್ಟವಳು ಓತೆರು ಎಂಬ ಬಡ ಹುಡುಗಿ. ತೀರಿಕೊಂಡ ಸಾಕು ತಂದೆತಾಯಿಗೆ ಸದ್ಗತಿ ಸಿಗಲೆಂದು ತಲೆಗೂದಲು ಕತ್ತರಿಸಿ ಮಾರಿ, ಬಂದ ಕಾಸಿನಲ್ಲಿ ಈ ಒಂದು ದೀಪ ಕೊಂಡಳಂತೆ. ಒಬ್ಬ ಸಾಹುಕಾರ ಹತ್ತು ಸಾವಿರ ದೀಪ ಹಚ್ಚಿಸಿದ್ದನಂತೆ; ಗಾಳಿ ಬೀಸಿ ಅವೆಲ್ಲ ಆರಿದವು, ಇದೊಂದು ಉಳಿಯಿತು. ಮಾಜಿ ಚಕ್ರವರ್ತಿ ಶಿರಾಕಾವಾ 1088ರಲ್ಲಿ ಕೊಟ್ಟ ದೀಪವೂ ಇದೇ ಮಂದಿರದಲ್ಲಿ ಉರಿಯುತ್ತದೆ. ಆದರೆ ಓತೆರು ತನ್ನ ದೀಪವನ್ನು ಕಣ್ಣಾರೆ ನೋಡುವಂತಿರಲಿಲ್ಲ. ಹೆಂಗಸರು ಈ ಬೆಟ್ಟದ ಮೇಲೆ ಕಾಲಿಡುವಂತೆಯೇ ಇರಲಿಲ್ಲ.

ಆ ಮಾತು ಮನಸ್ಸಿನಲ್ಲಿಟ್ಟುಕೊಂಡೇ ಊರಿನ ಇನ್ನೊಂದು ತುದಿಗೆ ಬಸ್ಸು ಹಿಡಿಯಿರಿ, ನ್ಯೋನಿನ್‌ದೋ ನಿಲ್ದಾಣದಲ್ಲಿ ಇಳಿಯಿರಿ. ಪ್ರವಾಸಿಗರು ಬಸ್ಸಿನ ಕಿಟಕಿಯಿಂದಲೇ ನೋಡಿ ಮುಂದೆ ಹೋಗುವ ಸಣ್ಣ ಮಂದಿರ. ನನಗಂತೂ ಚಿನ್ನದ ಕಂಬಗಳ ಮಂದಿರಗಳಿಗಿಂತ ಇದೇ ದೊಡ್ಡದು. ಬೆಟ್ಟಕ್ಕಿದ್ದ ಏಳು ಬಾಗಿಲುಗಳಲ್ಲಿ ಒಂದೊಂದರ ಹೊರಗೂ ಹೆಂಗಸರಿಗೆಂದು ಇಂಥದೊಂದು ಗುಡಿ ಇತ್ತು; ಉಳಿದದ್ದು ಇದೊಂದೇ. ಎಷ್ಟೋ ದಿನ ನಡೆದು ಬಂದವರು ಇಲ್ಲಿ ರಾತ್ರಿ ಕಳೆದು, ವೈರೋಚನನಿಗೆ ಕೈಮುಗಿದು, ಇಲ್ಲಿಂದಲೇ ಹಿಂತಿರುಗಬೇಕಿತ್ತು. ಕೂಕಾಯ್‌ನ ಹೆತ್ತ ತಾಯಿಗೂ ವಿನಾಯಿತಿ ಇರಲಿಲ್ಲವಂತೆ. ಆಕೆ ಬೆಟ್ಟದ ಬುಡದ ಜಿಸೋನ್‌ಇನ್‌ನಲ್ಲಿ ಉಳಿದಳು. ಮಗ ತಿಂಗಳಿಗೆ ಒಂಬತ್ತು ಸಲ ಇಳಿದು ಹೋಗಿ ಕಂಡುಬರುತ್ತಿದ್ದನೆಂದು ಪ್ರತೀತಿ. ಆ ದಾರಿ ಇಪ್ಪತ್ತು ಕಿಲೋಮೀಟರಿನದು.

ರಸ್ತೆಯಾಚೆ ದೊಡ್ಡ ಕಂಚಿನ ಜಿಜೋ ಕೂತಿದ್ದಾನೆ. 1745ರಲ್ಲಿ ಎದೊ, ಅಂದರೆ ಈಗಿನ ಟೋಕಿಯೋ ನಗರದ ತಾಕೆ ಎಂಬ ಹೆಂಗಸು ಮಾಡಿಸಿ ಕೊಟ್ಟದ್ದು. ಮೈಜಿ ಸರ್ಕಾರ ನಿಷೇಧ ತೆಗೆದದ್ದು 1872ರಲ್ಲಿ. ಅದು ಬೆಟ್ಟದ ಮೇಲೆ ಪೂರ್ತಿ ಜಾರಿಗೆ ಬರಲು ಇನ್ನೂ ಮೂರು ದಶಕ ಹಿಡಿಯಿತು. ಅದಕ್ಕೆ ಮೊದಲು ಶತಮಾನಗಳ ಕಾಲ ಹೆಂಗಸರು ಒಳಗೆ ಬರಲಾಗದ್ದಕ್ಕೆ ಶಿಖರದಿಂದ ಶಿಖರಕ್ಕೆ ಸುತ್ತು ಹಾಕಿದರು, ಒಕುನೊಇನ್ ಇರುವ ದಿಕ್ಕಿಗೆ ಕತ್ತು ಚಾಚಿ ನಮಸ್ಕರಿಸಿದರು. ಬೆಟ್ಟಕ್ಕೆ ಪ್ರದಕ್ಷಿಣೆ ಬಂದವರೆಂದರೆ ಅವರೇ. ಅವರ ಕಾಲು ಸವೆಸಿದ ಹಾದಿ ಈಗಲೂ ಇದೆ.

ತಾಕೆಯ ಜಿಜೋ ಪಕ್ಕದಿಂದಲೇ ಅದು ಏರುತ್ತದೆ. ಪೂರ್ತಿ ಸುತ್ತಲು ಇಡೀ ದಿನ ಬೇಕು; ಬೆಂತೆನ್‌ದಾಕೆ ಶಿಖರ ದಾಟಿ ದೈಮೋನ್ ಮಹಾದ್ವಾರಕ್ಕೆ ಇಳಿಯುವ ತುಂಡಾದರೆ ಒಂದು ತಾಸು ಚಿಲ್ಲರೆ. ಮರದ ಬೇರುಗಳು ಹಾದಿಗೆ ಅಡ್ಡ ಬಂದಿವೆ, ಮಳೆ ಬಿದ್ದಿದ್ದರೆ ಜಾರುತ್ತದೆ. ಊರುಗೋಲು ಹಿಡಿದ ನಾಲ್ಕಾರು ಹೆಂಗಸರು ಆಗಲೇ ಮೊದಲ ತಿರುವಿನಲ್ಲಿದ್ದಾರೆ. ಬಸ್ಸು ಹೋದರೆ ಹೋಗಲಿ, ನೀವೂ ಹತ್ತಿ.