ಬಾಗಿಲ ಕಾವಲು

ಈ ಸಲದ ರಜೆ ಮುಗಿಸಿ ಕಾಲೇಜಿಗೆ ಹೋದಾಗ ಅಲ್ಲೊಬ್ಬ ಹೊಸ ಕಾವಲುಗಾರ ಬಂದಿದ್ದ. ಅವನಿಗೆ ಕೋಲಿಲ್ಲ, ಮೀಸೆಯಿಲ್ಲ. ಕಂಪ್ಯೂಟರಿನ ಒಳಗೇ ವಾಸ. ಹೆಸರು ‘ಡೇಟಾ ಲಾಸ್ ಪ್ರಿವೆನ್ಷನ್’. ಮಾಹಿತಿ ನಷ್ಟವಾಗದಂತೆ ಕಾಯುವವನೆಂದು ಅರ್ಥಮಾಡಿಕೊಂಡು ನಾನು ಹಿಗ್ಗಿದೆ. ಕನ್ನಡ ಮೇಷ್ಟ್ರ ಪದಶಃ ಅರ್ಥ!

ಹಿಗ್ಗಲು ಕಾರಣವಿತ್ತು. ನಮ್ಮ ವಿಭಾಗದ ಮೂಲೆಯಲ್ಲಿ ವಿಂಡೋಸ್ 7 ಇದ್ದ ಹಳೆಯ ಕಂಪ್ಯೂಟರೊಂದಿತ್ತು. 2009ರಲ್ಲಿ ಹುಟ್ಟಿದ ಆ ಆಪರೇಟಿಂಗ್ ಸಿಸ್ಟಮ್ಮಿಗೆ ತಯಾರಕರ ಸಾಮಾನ್ಯ ಬೆಂಬಲ ನಿಂತದ್ದು 2020ರ ಜನವರಿ 14ರಂದು. ನನ್ನ ತಾಯಿಯ ಬಾಯಿಂದ ಕೇಳಿ ಬೆರಳಚ್ಚು ಮಾಡಿದ ಆರುನೂರು ಗಾದೆಗಳು, ಬೀಸುವ ಕಲ್ಲಿನ ಪದಗಳು ಅದರಲ್ಲಿದ್ದವು. ತಾಯಿ ಈಗಿಲ್ಲ.

“ಇದಕ್ಕೂ ಕಾವಲು ಹಾಕಪ್ಪ” ಎಂದೆ. ತಂತ್ರಾಂಶ ಹಾಕಲು ಬಂದಿದ್ದ ಹುಡುಗ ನಕ್ಕ.

“ಆಗೋದಿಲ್ಲ ಸಾರ್. ಯಾವ ಫೈಲು ಪೆನ್ ಡ್ರೈವಿಗೆ ಹೋಯ್ತು, ಯಾವುದು ಮೇಲ್‌ಗೆ ಹೋಯ್ತು ಅಂತ ಇದು ಸಿಸ್ಟಮ್ಮಿನ ತಳದಲ್ಲೇ ಕೂತು ನೋಡಬೇಕು. ತಳ ಬದಲಾದರೆ ಇದನ್ನೂ ಬದಲಾಯಿಸಬೇಕು. ಹಳೇ ತಳಕ್ಕೆ ಈಗ ಯಾರು ಮಾಡಿಕೊಡ್ತಾರೆ?”

ಆಮೇಲೆ ತಿಳಿಯಿತು: ಇವನು ಕಾಯುವುದು ಸೋರಿಕೆಯನ್ನು, ಸವೆತವನ್ನಲ್ಲ. ವಿದ್ಯಾರ್ಥಿಗಳ ಅಂಕ, ಆಧಾರ್ ಸಂಖ್ಯೆ ಹೊರಗೆ ಹೋಗಬಾರದು, ಅಷ್ಟೆ. ಅದೂ ಬೇಕಾದದ್ದೇ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ ತಕ್ಕ ಎಚ್ಚರ ವಹಿಸದವರಿಗೆ 2023ರ ಕಾನೂನು 250 ಕೋಟಿ ರೂಪಾಯಿಯವರೆಗೆ ದಂಡ ಹೇಳುತ್ತದೆ. ಕಾವಲು ಕೂರದ ಯಂತ್ರ ಗುಜರಿಗೆ ಎಂದು ಸುತ್ತೋಲೆ ಹೊರಟಿತು.

ಪ್ರಾಂಶುಪಾಲರ ಅಪ್ಪಣೆ ಪಡೆದು ನನ್ನ ಕಡತವನ್ನು ಪೆನ್ ಡ್ರೈವಿಗೆ ಇಳಿಸಿಕೊಂಡೆ. ಹೊಸ ಯಂತ್ರಕ್ಕೆ ಅದನ್ನು ಸಿಕ್ಕಿಸಿದರೆ ಕಾವಲುಗಾರ ಬಾಗಿಲಲ್ಲೇ ತಡೆದ. ಹಳೆಯದಕ್ಕೆ ಕಾವಲಿರಲಿಲ್ಲ; ಅದರಿಂದಲೇ ತಾಯಿಯ ಮಾತು ಉಳಿಯಿತು!

ಮನೆಯಲ್ಲಿ ಮಗಳು ಅದನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದಳು. ಕನ್ನಡವೇ ಇಲ್ಲ; ಇಂಗ್ಲಿಷ್ ಅಕ್ಷರಗಳೂ ಚಿತ್ರವಿಚಿತ್ರ ಗುರುತುಗಳೂ ತುಂಬಿದ್ದವು. ಹಳೆಯ ನುಡಿ ಲಿಪಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳನ್ನು ಕೂರಿಸಿತ್ತು. ಆ ಲಿಪಿಯಿಲ್ಲದ ಕಡೆ ಕನ್ನಡ ಮಾಯ. ಯೂನಿಕೋಡಿಗೆ ಪರಿವರ್ತಿಸಿದೆವು. ಕೆಲವು ಒತ್ತಕ್ಷರಗಳು ಮುರಿದವು. ಹದಿನೈದು ಸಂಜೆ ಅವಳು ಓದಿದಳು, ನಾನು ತಿದ್ದಿದೆ.

ಓಲೆಗರಿಯ ಕಾಲದಲ್ಲೂ ಗ್ರಂಥ ಉಳಿದದ್ದು ಪೆಟ್ಟಿಗೆಯ ಬೀಗದಿಂದಷ್ಟೇ ಅಲ್ಲ. ಗರಿ ಹುಳು ಹಿಡಿಯುವ ಮೊದಲೇ ಯಾರೋ ಇನ್ನೊಂದು ಗರಿಯ ಮೇಲೆ ಕಂಠ ಹಿಡಿದು ನಕಲು ಮಾಡಿದ್ದರಿಂದ. ನಮ್ಮ ಗರಿಗಳ ಆಯುಸ್ಸು ಇನ್ನೂ ಕಡಿಮೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ಒಂದು ಗಾದೆಯ ಹತ್ತಿರ ಮಗಳು ನಿಂತಳು. “ಅಪ್ಪ, ಇದೇನು ಪದ?” ಹಳೆಯ ಕಡತದಲ್ಲೂ ಅದು ಹಾಗೆಯೇ ಇತ್ತು, ಯಂತ್ರದ ತಪ್ಪಲ್ಲ, ನನ್ನ ಬೆರಳಿನದು. ಕೇಳೋಣವೆಂದರೆ ಅಮ್ಮನಿಲ್ಲ. ಗ್ರಂಥ ಸಂಪಾದಕರು ಮಾಡುವಂತೆ ಅಲ್ಲಿ ಮೂರು ಚುಕ್ಕಿಗಳನ್ನಿಟ್ಟು ಮುಂದೆ ಹೋದೆವು.