ಒಣಮರದ ಒಕ್ಕಲು

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ದುಮ್ಮವಾಡ ಪೂರ್ಣ ಬಯಲುಸೀಮೆಯೂ ಅಲ್ಲ, ಪೂರ್ಣ ಮಲೆನಾಡೂ ಅಲ್ಲ. ಸಾಗವಾನಿ, ಮಾವುಗಳ ಈ ಸೆರಗಿನಲ್ಲಿ ಕೇಳುವ ಟಕ್‌ಟಕ್ ಸದ್ದನ್ನು ಕೊಡಲಿಯದೆಂದು ಭ್ರಮಿಸುವುದುಂಟು. ಅದು ಮರಕುಟಿಗ. ಹೊನ್ನಿನ ಬಣ್ಣದ ಬೆನ್ನು, ಕೆಂಪು ಜುಟ್ಟು. ತೋಟ-ತೋಪುಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ ಜಾತಿ ಇದೇ.

ಇದರ ಶರೀರರಚನೆ ವಿಸ್ಮಯಕರವಾದುದು. ಹೆಚ್ಚಿನ ಪಕ್ಷಿಗಳಿಗೆ ಮುಂದೆ ಮೂರು, ಹಿಂದೆ ಒಂದು ಬೆರಳು; ಇದಕ್ಕೆ ಮುಂದೆ ಎರಡು, ಹಿಂದೆ ಎರಡು. ಬಿರುಸಾದ ಬಾಲದ ಗರಿಗಳೇ ಊರುಗೋಲು. ನಾಲಗೆಯ ಬುಡದ ಎಲುಬು ತಲೆಬುರುಡೆಯ ಹಿಂದಿನಿಂದ ಸುತ್ತಿ ನೆತ್ತಿಯ ಮೇಲೆ ಹಾಯುತ್ತದೆ. ಆದ್ದರಿಂದಲೇ ಅದು ನಾಲಗೆಯನ್ನು ಬಹುದೂರ ಚಾಚಿ ಬಿರುಕಿನೊಳಗಿನ ಹುಳು-ಇರುವೆಗಳನ್ನು ಹೊರಗೆಳೆಯಬಲ್ಲದು. ಅದರ ತಲೆಬುರುಡೆ ಪೆಟ್ಟನ್ನು ಹೀರುವ ಮೆತ್ತೆಯಂತೆ ಎಂದು ಪುಸ್ತಕಗಳು ಬಹುಕಾಲ ಹೇಳುತ್ತ ಬಂದವು. 2022ರಲ್ಲಿ ಬೆಲ್ಜಿಯಂನ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನ ಇದನ್ನು ಅಲ್ಲಗಳೆಯಿತು: ತಲೆ ಗಟ್ಟಿ ಸುತ್ತಿಗೆಯಂತೆಯೇ ಕೆಲಸ ಮಾಡುತ್ತದೆ; ಮೆದುಳು ಚಿಕ್ಕದಾದ್ದರಿಂದ ಆಘಾತ ತಟ್ಟದು. ಪೆಟ್ಟು ಮೆತ್ತಗಾದರೆ ಕುಟ್ಟಿದ ಫಲವಾದರೂ ಏನು! ಪಶ್ಚಿಮಘಟ್ಟದ ಕಾಡುಗಳಲ್ಲಿರುವ ಕಂದು ಮರಕುಟಿಗದ ರೀತಿ ಇನ್ನೂ ವಿಚಿತ್ರ. ಮರದ ಮೇಲಿನ ಇರುವೆಗಳ ಗೂಡನ್ನೇ ಕೊರೆದು ಅದರೊಳಗೆ ಮೊಟ್ಟೆಯಿಡುತ್ತದೆ, ಆ ಇರುವೆಗಳನ್ನೂ ತಿನ್ನುತ್ತದೆ.

ಪಕ್ಷಿಯ ಹಿಂಸೆಯನ್ನು ಲೆಕ್ಕ ಹಾಕುವವರು ಮೊದಲು ತಮ್ಮ ಕಟ್ಟಿಗೆಯ ಲೆಕ್ಕ ತೆಗೆಯುವುದು ಲೇಸು. ಶ್ರಾವಕಾಚಾರವನ್ನು ಹೇಳುವ ಗ್ರಂಥಗಳು ಕಾಡು ಕಡಿದು ಮಾರುವ ವನಕರ್ಮವನ್ನು ಗೃಹಸ್ಥನಿಗೆ ವರ್ಜ್ಯವೆಂದಿವೆ. ಬದುವಿನಲ್ಲಿ ಒಣಗಿ ನಿಂತ ಮರಕ್ಕೆ ಮಾತ್ರ ಈ ನಿಯಮವಿಲ್ಲವೆಂದು ಎಲ್ಲರ ಸಮಾಧಾನ. ಅದರಲ್ಲಿ ಜೀವವೆಲ್ಲಿದೆ ಎನ್ನುತ್ತಾರೆ. ಆದರೆ ಮರದ ಏಕೇಂದ್ರಿಯ ಜೀವ ಹೋದ ಮೇಲೆಯೇ ಅಲ್ಲಿ ಪಂಚೇಂದ್ರಿಯಗಳ ಸಂಸಾರ ಹೂಡಲು ಅನುಕೂಲ. ಮೆತ್ತಗಾದ ಕಾಂಡವನ್ನು ಕೊರೆಯುವುದು ಸುಲಭ. ಗಂಡು, ಹೆಣ್ಣು ಎರಡೂ ಸರದಿಯಂತೆ ಕಾವು ಕೊಡುತ್ತವೆ. ಅವು ಬಿಟ್ಟುಹೋದ ಪೊಟರೆಗೆ ಗಿಳಿ, ಮೈನಾ, ಅಳಿಲುಗಳು ಬಂದು ಸೇರುತ್ತವೆ, ಬಾಡಿಗೆಯಿಲ್ಲದ ಮನೆ.

ತೊಡಕಿರುವುದು ಕಾಲದಲ್ಲಿ. ಹೊಂಬೆನ್ನಿನ ಮರಕುಟಿಗ ಗೂಡು ಮಾಡುವುದು ಸಾಮಾನ್ಯವಾಗಿ ಫೆಬ್ರವರಿಯಿಂದ ಜುಲೈವರೆಗೆ. ಮಳೆಗೆ ಮುಂಚೆ ಉರುವಲು ಒಟ್ಟುವ ದಿನಗಳೂ ಅವೇ. ಮೊಟ್ಟೆ ಸುಮಾರು 3. ಕಾವು 11 ದಿನ, ಮರಿ ಗೂಡು ಬಿಡಲು ಮತ್ತೆ 20 ದಿನ. ಹೆಚ್ಚುಕಡಿಮೆ ಒಂದು ತಿಂಗಳ ಮುದ್ದತು. ಅಂಗಡಿಕಾರ ಗಿರಾಕಿಗೆ ಇದಕ್ಕಿಂತ ಹೆಚ್ಚು ದಿನ ಉದ್ರಿ ಕೊಡುತ್ತಾನೆ.

ಬಸದಿಯ ಜಮೀನಿನ ಒಣಮರವನ್ನು ಹರಾಜು ಹಾಕುವ ಟ್ರಸ್ಟಿಗಳು ಕಾಂಡದಲ್ಲಿ ದುಂಡನೆಯ ತೂತು ಇದೆಯೇ, ಬುಡದಲ್ಲಿ ಹೊಸ ಚಕ್ಕೆ ಬಿದ್ದಿದೆಯೇ ಎಂದು ಮೊದಲೇ ನೋಡಿಸಬಹುದು. ಇದ್ದರೆ ಹರಾಜನ್ನು ದೀಪಾವಳಿಯ ಆಚೆಗೆ ಹಾಕಿದರಾಯಿತು. ಅಷ್ಟರಲ್ಲಿ ಕೆಟ್ಟುಹೋಗುವ ಸರಕು ಅದಲ್ಲ.